ಪಥ್ಯದ ಪಾತ್ರೆ ಬೇರೆ ಬೇಡ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅದೇ ಜನರ ಬಾಯಲ್ಲಿ ಇನ್ನೊಂದು ಗಾದೆಯೂ ಉಂಟು: ಉಪ್ಪು ತಿಂದವನು ನೀರು ಕುಡಿಯಲೇಬೇಕು. ಮೊದಲನೆಯದು ನಾಲಗೆಯ ಅನುಭವವನ್ನು ಹೇಳುತ್ತದೆ. ಎರಡನೆಯದು, ಹೇಳಿದವರಿಗೆ ಅರಿವಿದ್ದಿತೋ ಇಲ್ಲವೋ, ಮೂತ್ರಪಿಂಡದ ಕಷ್ಟವನ್ನು ಹೇಳುತ್ತದೆ. ನಮ್ಮ ಅಡುಗೆಯ ಮನೆಗಳಲ್ಲಿ ಮೊದಲನೆಯ ಗಾದೆಗೆ ಸಿಕ್ಕಿರುವ ಮನ್ನಣೆ ಎರಡನೆಯದಕ್ಕೆ ಇನ್ನೂ ಸಿಕ್ಕಿಲ್ಲ.

ನಾವು ವಾಸವಾಗಿರುವುದು ಬೆಂಗಳೂರಿನ ದಕ್ಷಿಣದಲ್ಲಿರುವ ವಸಂತಪುರದಲ್ಲಿ. ವಸಂತವಲ್ಲಭರಾಯಸ್ವಾಮಿಯ ಗುಡಿಯಿಂದ ಹೆಸರಾದ ಈ ಹಳ್ಳಿ ಈಗ ನಗರದೊಳಗೆ ಸೇರಿಹೋಗಿ, ನಾನಾ ಜಿಲ್ಲೆಗಳಿಂದ ಬಂದ ಸಂಸಾರಗಳಿಗೆ ನೆಲೆಯಾಗಿದೆ. ನಮ್ಮ ಬೀದಿಯಲ್ಲಿ ಕುಂದಾಪುರದ ಕಡೆಯ ಒಂದು ಸಂಸಾರವುಂಟು. ಮನೆಯ ಹಿರಿಯರು ನಿವೃತ್ತ ಉಪಾಧ್ಯಾಯರು. ಮೀನಿಲ್ಲದ ಊಟವನ್ನು ಊಟವೆಂದು ಒಪ್ಪದವರು. ಎರಡು ವರ್ಷದ ಕೆಳಗೆ ಅವರಿಗೆ ರಕ್ತದ ಒತ್ತಡ ಹೆಚ್ಚಾಗಿದೆಯೆಂದು ತಿಳಿದುಬಂದಿತು. ವೈದ್ಯರು ಮಾತ್ರೆಗಳನ್ನು ಬರೆದುಕೊಟ್ಟು, ಉಪ್ಪನ್ನು ತಗ್ಗಿಸಬೇಕೆಂದು ಹೇಳಿದರು. ಅಂದಿನಿಂದ ಆ ಮನೆಯಲ್ಲಿ ಎರಡು ಪಾತ್ರೆಗಳಾದುವು. ಒಂದರಲ್ಲಿ ಮನೆಯವರಿಗೆಲ್ಲ ಎಂದಿನ ಮೀನಿನ ಸಾರು. ಇನ್ನೊಂದರಲ್ಲಿ ಹಿರಿಯರಿಗೆ ನೀರಿನಲ್ಲಿ ಬೇಯಿಸಿದ ಸಪ್ಪೆ ಮೀನು. ಒಂದು ತಿಂಗಳು ಅವರು ಅದನ್ನು ಮಾತಿಲ್ಲದೆ ಉಂಡರು. ಎರಡನೆಯ ತಿಂಗಳಲ್ಲಿ ಅವರ ಪುಸ್ತಕದ ಕಪಾಟಿನ ಹಿಂದೆ ಉಪ್ಪಿನಕಾಯಿಯ ಭರಣಿಯೊಂದು ಸಿಕ್ಕಿತು. ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದ ಮೊಮ್ಮಗಳು ಅದನ್ನು ಎತ್ತಿ ತೋರಿಸಿ, "ಅಜ್ಜಯ್ಯ, ಇದೇನು?" ಎಂದಾಗ ಅವರು ಹೇಳಿದುದಿಷ್ಟೆ: "ಸಪ್ಪೆ ಉಣ್ಣುವುದು ಕಷ್ಟವಲ್ಲ ಮಗೂ, ಒಬ್ಬನೇ ಸಪ್ಪೆ ಉಣ್ಣುವುದು ಕಷ್ಟ."

ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ಪಥ್ಯಕ್ಕೆಂದು ಬೇರೆ ಪಾತ್ರೆಯಿಡುವುದು ದಯೆಯಂತೆ ಕಂಡರೂ ಅದು ವಿಜ್ಞಾನಕ್ಕೆ ಒಪ್ಪುವ ಕೆಲಸವಲ್ಲ. ಕಡಿಮೆ ಉಪ್ಪಿನ ಅಡುಗೆ ಇಡೀ ಮನೆಯ ಅಡುಗೆಯಾಗತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳಿ, ಬಿಳಿ ಮೀನಿನ ಒಂದು ಸರಳವಾದ ಊಟದ ಮೂಲಕ ಅದು ಸಾಧ್ಯವೆಂದು ತೋರಿಸಲು ಇಲ್ಲಿ ಯತ್ನಿಸುತ್ತೇವೆ.

ಮೊದಲು ಸ್ವಲ್ಪ ಲೆಕ್ಕ. ಅಡುಗೆಯ ಉಪ್ಪು ಸೋಡಿಯಂ ಕ್ಲೋರೈಡ್ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಸೋಡಿಯಂನ ಪರಮಾಣು ತೂಕ 23, ಕ್ಲೋರಿನ್ನಿನದು 35.5, ಒಟ್ಟು 58.5. ಆದುದರಿಂದ ಉಪ್ಪಿನ ತೂಕದಲ್ಲಿ ಶೇಕಡ 39ರಷ್ಟು ಸೋಡಿಯಂ. ವಯಸ್ಕರು ದಿನಕ್ಕೆ 2 ಗ್ರಾಂ ಸೋಡಿಯಂಗಿಂತ, ಎಂದರೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲಿಯೂ 5 ಗ್ರಾಮಿನ ಮಿತಿಯನ್ನೇ ಹೇಳಿದೆ. ಜಗತ್ತಿನ ಜನ ಸರಾಸರಿಯಲ್ಲಿ ತಿನ್ನುತ್ತಿರುವುದು ಇದರ ಇಮ್ಮಡಿಗೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಅದು ದಿನಕ್ಕೆ 10.8 ಗ್ರಾಂ.

ನಮ್ಮ ಮನೆಯಲ್ಲಿ ಎಷ್ಟು ಎಂದು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಒಂದು ಕಿಲೋಗ್ರಾಂ ಉಪ್ಪಿನ ಪೊಟ್ಟಣವನ್ನು ಒಡೆದ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿ, ಅದು ಮುಗಿದ ದಿನವನ್ನೂ ಗುರುತು ಮಾಡಿದರೆ ಸಾಕು. ಭರಣಿ ಸಿಕ್ಕಿದ ಮಾರನೆಯ ದಿನ ಆ ಹುಡುಗಿ ಮಾಡಿದುದು ಇದನ್ನೆ. ಮನೆಯಲ್ಲಿ ನಾಲ್ಕು ಜನ. ಪೊಟ್ಟಣ 25 ದಿನಗಳಲ್ಲಿ ಮುಗಿಯಿತು. ಸಾವಿರವನ್ನು ನೂರರಿಂದ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 10 ಗ್ರಾಂ. ಹೋಟೆಲಿನ ತಿಂಡಿ, ಅಂಗಡಿಯ ಚಕ್ಕುಲಿ, ಬಿಸ್ಕತ್ತು, ಬ್ರೆಡ್ಡುಗಳ ಉಪ್ಪು ಈ ಲೆಕ್ಕಕ್ಕೆ ಸೇರಿಲ್ಲ. ನಾಲ್ವರ ಮನೆಯಲ್ಲಿ ಒಂದು ಕಿಲೋಗ್ರಾಂ ಉಪ್ಪು 50 ದಿನಕ್ಕಿಂತ ಮೊದಲೇ ಮುಗಿಯಿತೆಂದರೆ ಆ ಮನೆ ಮಿತಿ ಮೀರಿದೆಯೆಂದೇ ತಿಳಿಯಬೇಕು. ಈ ಪ್ರಯೋಗವನ್ನು ವಾಚಕರು ತಮ್ಮ ಮನೆಗಳಲ್ಲಿ ಮಾಡಿ ನೋಡಬೇಕೆಂದು ನಮ್ಮ ಕೋರಿಕೆ.

ಹೆಚ್ಚು ಉಪ್ಪು ತಿಂದರೆ ಆಗುವುದೇನು? ನಮ್ಮ ರಕ್ತದಲ್ಲಿ ಸೋಡಿಯಂನ ಸಾಂದ್ರತೆ ಬಹು ಕಿರಿದಾದ ಎಲ್ಲೆಯೊಳಗೇ ಇರಬೇಕು. ಉಪ್ಪು ಹೆಚ್ಚಾದೊಡನೆ ಬಾಯಾರುತ್ತದೆ; ಮೂತ್ರಪಿಂಡಗಳು ನೀರನ್ನು ಹಿಡಿದಿಡುತ್ತವೆ. ಆಸ್ಪತ್ರೆಗಳಲ್ಲಿ ನರಕ್ಕೆ ಏರಿಸುವ ಲವಣದ್ರಾವಣದಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ಅದೇ ಪ್ರಮಾಣದಲ್ಲಿ, ದೇಹದಲ್ಲಿ 9 ಗ್ರಾಂ ಉಪ್ಪು ನಿಂತರೆ ಅದರೊಡನೆ ಸುಮಾರು ಒಂದು ಲೀಟರು ನೀರೂ ನಿಲ್ಲಬೇಕಾಗುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯ ಶರೀರವಿಜ್ಞಾನ ಇದೇ. ಆರೋಗ್ಯವಂತ ಮೂತ್ರಪಿಂಡಗಳು ಹೆಚ್ಚಿನ ಉಪ್ಪನ್ನು ಕ್ರಮೇಣ ಹೊರಹಾಕುತ್ತವೆ, ನಿಜ. ಆದರೆ ದಿನದಿನವೂ, ವರ್ಷಗಟ್ಟಲೆ ಈ ಹೊರೆ ಬೀಳುತ್ತಿದ್ದರೆ ರಕ್ತನಾಳಗಳೊಳಗಿನ ಒತ್ತಡ ಅನೇಕರಲ್ಲಿ ಮೇಲಕ್ಕೇರಿ ಅಲ್ಲಿಯೇ ನಿಲ್ಲುತ್ತದೆ. ಹೃದಯ, ಮೆದುಳು, ಮೂತ್ರಪಿಂಡ ಈ ಮೂರೂ ಅದರ ಫಲವನ್ನು ಅನುಭವಿಸುತ್ತವೆ.

ಇದು ಮುದುಕರ ಮಾತು, ನಮಗೇಕೆ ಎಂದು ತರುಣ ವಾಚಕರು ಕೇಳಬಹುದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹದಿನೈದು ವಯಸ್ಸು ದಾಟಿದವರನ್ನು ಪರೀಕ್ಷಿಸಿದಾಗ, ಗಂಡಸರಲ್ಲಿ ಶೇಕಡ 24, ಹೆಂಗಸರಲ್ಲಿ ಶೇಕಡ 21ರಷ್ಟು ಜನರಿಗೆ ರಕ್ತದ ಒತ್ತಡ ಹೆಚ್ಚಾಗಿದ್ದುದು ಅಥವಾ ಅದಕ್ಕಾಗಿ ಅವರು ಔಷಧ ಸೇವಿಸುತ್ತಿದ್ದುದು ಕಂಡುಬಂದಿತು. ಎಂದರೆ ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ 412 ಜನರಿಗೆ ಉಪ್ಪಿನ ಮೂರು ಮಟ್ಟಗಳುಳ್ಳ ಆಹಾರವನ್ನು ಸರದಿಯಂತೆ ಕೊಟ್ಟು ನೋಡಿದರು. ಉಪ್ಪು ಒಂದೊಂದು ಮೆಟ್ಟಿಲು ಇಳಿದಂತೆಲ್ಲ ರಕ್ತದ ಒತ್ತಡವೂ ಇಳಿಯಿತು. ಒತ್ತಡ ಹೆಚ್ಚಿದ್ದವರಲ್ಲಿ ಇಳಿತ ಹೆಚ್ಚಾಗಿದ್ದಿತು. ಆದರೆ ಒತ್ತಡ ಸರಿಯಾಗಿದ್ದವರಲ್ಲಿಯೂ ಅದು ಇಳಿಯದೆ ಇರಲಿಲ್ಲ. ಹೀಗಿರಲು, ಅಜ್ಜಯ್ಯನಿಗೆ ಒಳ್ಳೆಯದಾದ ಪಾತ್ರೆ ಮೊಮ್ಮಗಳಿಗೆ ಬೇಡವಾದುದು ಹೇಗೆ?

ನಾಲಗೆಯ ಮಾತನ್ನೂ ವಿಚಾರಿಸೋಣ. ಉಪ್ಪಿನ ರುಚಿ ಹುಟ್ಟಿನಿಂದ ಬಂದದ್ದಾದರೂ ಎಷ್ಟು ಉಪ್ಪು ಹಿತವೆಂಬುದು ರೂಢಿಯಿಂದ ಬರುತ್ತದೆ. 1982ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಕೆಲವರನ್ನು ಐದು ತಿಂಗಳು ಕಡಿಮೆ ಉಪ್ಪಿನ ಆಹಾರದಲ್ಲಿಟ್ಟಾಗ, ಅವರಿಗೆ ಹಿತವೆನಿಸುವ ಉಪ್ಪಿನ ಪ್ರಮಾಣವೇ ತಗ್ಗಿತು. ನಾಲಗೆ ಕಲಿಯಬಲ್ಲದು, ಆದರೆ ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಮಗ್ಗುಲಲ್ಲೇ ಉಪ್ಪುಸಾರಿನ ಪಾತ್ರೆ ಹಬೆಯಾಡುತ್ತಿದ್ದರೆ, ದಿನಕ್ಕೊಂದು ತುತ್ತು ಅದರಿಂದ ಬೀಳುತ್ತಿದ್ದರೆ, ಕಲಿತ ಪಾಠ ಅಂದಂದೇ ಅಳಿಸಿಹೋಗುತ್ತದೆ. ಮನೆಯ ನಾಲಗೆ ಒಟ್ಟಾಗಿ ಕಲಿಯಬೇಕೆಂದು ನಾವು ಹೇಳುವುದು ಇದಕ್ಕಾಗಿ.

ಹಾಗೆಂದ ಮಾತ್ರಕ್ಕೆ ಮನೆಮಂದಿಯೆಲ್ಲ ಸಪ್ಪೆ ಮೀನನ್ನು ಉಣ್ಣಬೇಕೆಂದು ನಮ್ಮ ಅರ್ಥವಲ್ಲ. 1940ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯ ವಾಲ್ಟರ್ ಕೆಂಪ್ನರ್ ತೀವ್ರವಾದ ರಕ್ತದ ಒತ್ತಡವುಳ್ಳ ರೋಗಿಗಳಿಗೆ ಅನ್ನ, ಹಣ್ಣು, ಸಕ್ಕರೆ ಇಷ್ಟನ್ನೇ ಕೊಟ್ಟು ಒತ್ತಡವನ್ನು ಇಳಿಸಿ ತೋರಿಸಿದನು. ಅಂದಿನ ವೈದ್ಯಲೋಕಕ್ಕೆ ಅದು ದೊಡ್ಡ ಬೆಳಕು. ಆದರೆ ಅಂಥ ಏಕರೂಪದ ಊಟವನ್ನು ಸಾಮಾನ್ಯರು ಬಹುಕಾಲ ಉಣ್ಣಲಾರರು. ಪಥ್ಯ ಬಾಳಬೇಕಾದರೆ ಅದು ರುಚಿಯಾಗಿರಬೇಕು. ಉಪ್ಪು ಬಿಟ್ಟ ಸ್ಥಾನವನ್ನು ಬೇರೆ ಯಾವುದಾದರೂ ತುಂಬಬೇಕು. ಇದು ಅಡುಗೆಯವರ ಕೆಲಸ, ರಸಾಯನಶಾಸ್ತ್ರದ ಕೆಲಸವೂ ಹೌದು.

ಮೀನಿನ ವಿಷಯದಲ್ಲಿ ಒಂದು ಸೋಜಿಗವುಂಟು. ಕಡಲಿನ ನೀರಿನಲ್ಲಿ ಕಿಲೋಗ್ರಾಮಿಗೆ ಸುಮಾರು 35 ಗ್ರಾಂ ಲವಣಗಳಿವೆ. ಅದರಲ್ಲೇ ಹುಟ್ಟಿ, ಅದನ್ನೇ ಕುಡಿದು ಬೆಳೆದ ಮೀನಿನ ಮಾಂಸ ಮಾತ್ರ ಉಪ್ಪಲ್ಲ. ನೂರು ಗ್ರಾಂ ಹಸಿ ಬಿಳಿ ಮೀನಿನಲ್ಲಿ ಸಾಮಾನ್ಯವಾಗಿ 50ರಿಂದ 100 ಮಿಲಿಗ್ರಾಂ ಸೋಡಿಯಂ ಮಾತ್ರ ಇರುತ್ತದೆ. ಕುಡಿದ ಉಪ್ಪನ್ನು ಮೀನು ತನ್ನ ಕಿವಿರುಗಳ ಮೂಲಕ ಬಿಡುವಿಲ್ಲದೆ ಹೊರದೂಡುತ್ತಿರುತ್ತದೆ. ಜೀವಮಾನವೆಲ್ಲ ಮೀನು ಹೊರಹಾಕಿದ ಉಪ್ಪನ್ನು ನಾವು ಒಂದು ಗಳಿಗೆಯಲ್ಲಿ ಬಾಣಲೆಗೆ ಸುರಿಯುತ್ತೇವೆ!

ಸುರಿಯುವುದಕ್ಕೆ ಕಾರಣವೂ ಇದೆ. ಮಲ್ಪೆ, ಮಂಗಳೂರುಗಳಲ್ಲಿ ದೋಣಿಯಿಂದ ಇಳಿದ ಮೀನು ಮಂಜುಗಡ್ಡೆಯ ನಡುವೆ ಘಟ್ಟ ಹತ್ತಿ ಬೆಂಗಳೂರಿಗೆ ಬರುವಷ್ಟರಲ್ಲಿ ಸ್ವಲ್ಪ ವಾಸನೆ ಹಿಡಿದಿರುತ್ತದೆ. ಕಡಲ ಮೀನುಗಳ ದೇಹದಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ವಸ್ತುವಿದೆ. ಉಪ್ಪುನೀರಿನಲ್ಲಿ ದೇಹದ ಸಮತೋಲವನ್ನು ಕಾಯಲು ಅದು ಮೀನಿಗೆ ನೆರವಾಗುತ್ತದೆ. ಮೀನು ಸತ್ತಮೇಲೆ ಬ್ಯಾಕ್ಟೀರಿಯಗಳು ಅದನ್ನು ಟ್ರೈಮೀಥೈಲಮೀನ್ ಆಗಿ ಮಾರ್ಪಡಿಸುತ್ತವೆ. ಮೀನುವಾಸನೆಯೆಂದು ನಾವು ಮೂಗು ಮುಚ್ಚುವುದು ಇದಕ್ಕೇ. ಈ ವಾಸನೆಯನ್ನು ಅಡಗಿಸಲು ನಮ್ಮ ಅಡುಗೆಯವರು ಉಪ್ಪು, ಖಾರಗಳನ್ನು ಹೆಚ್ಚಿಸುತ್ತಾರೆಂದು ನಮಗೆ ತೋರುತ್ತದೆ. ಆದರೆ ಇದಕ್ಕೆ ತಕ್ಕ ಮದ್ದು ಉಪ್ಪಲ್ಲ, ಹುಳಿ. ಅಮೀನ್ ಎಂಬುದು ಪ್ರತ್ಯಾಮ್ಲ. ನಿಂಬೆರಸದ ಆಮ್ಲದೊಡನೆ ಕೂಡಿದಾಗ ಅದು ಆವಿಯಾಗದ ಲವಣವಾಗುತ್ತದೆ. ಆವಿಯಾಗದುದು ಮೂಗಿಗೆ ತಲಪದು. ಕರಾವಳಿಯವರ ಹುಣಸೆ, ಕೊಡಗಿನವರ ಕಾಚಂಪುಳಿ ಇವೆಲ್ಲ ಶಾಲೆಯಲ್ಲಿ ಕಲಿಸುವ ತಟಸ್ಥೀಕರಣದ ಪಾಠವೇ ಸರಿ. ಆಮ್ಲ ವಾಸನೆಯನ್ನು ತಡೆಯುತ್ತದೆಯೇ ಹೊರತು ಕೆಟ್ಟ ಮೀನನ್ನು ಒಳ್ಳೆಯದು ಮಾಡಲಾರದು ಎಂಬುದನ್ನು ಮರೆಯಬಾರದು.

ಬಿಳಿ ಮೀನನ್ನೇ ಏಕೆ ಆರಿಸಿದೆವು? ಬಂಗುಡೆಯಂತೆ ಎಡೆಬಿಡದೆ ಈಜುವ ಮೀನುಗಳಲ್ಲಿ ಮಯೋಗ್ಲೋಬಿನ್ ತುಂಬಿದ ಕಪ್ಪು ಮಾಂಸ ಹೆಚ್ಚು, ಎಣ್ಣೆಯೂ ಹೆಚ್ಚು, ವಾಸನೆಯೂ ಗಾಢ. ಅವು ಒಳ್ಳೆಯ ಆಹಾರವೇ. ಆದರೆ ಕಾಣೆ, ಪಾಂಫ್ರೆಟ್ ಮೊದಲಾದ ಬಿಳಿ ಮಾಂಸದ ಮೀನುಗಳ ರುಚಿ ಮೃದು. ಸ್ವಲ್ಪ ಹುಳಿ, ಸ್ವಲ್ಪ ಮೆಣಸು ತಾಗಿದರೂ ಎದ್ದು ಕಾಣುತ್ತದೆ. ಅಲ್ಲದೆ ಮೀನಿನ ಸ್ನಾಯುಗಳು ಚಿಕ್ಕ ಚಿಕ್ಕ ಪದರಗಳಾಗಿದ್ದು, ಅವುಗಳನ್ನು ಬೆಸೆದಿರುವ ಕೊಲಾಜನ್ ಕಡಿಮೆ ಉಷ್ಣತೆಯಲ್ಲಿಯೇ ಕರಗುತ್ತದೆ. ಆದುದರಿಂದ ಬೇಗ ಬೇಯುತ್ತದೆ, ಎಸಳೆಸಳಾಗಿ ಬಿಡುತ್ತದೆ. ಕಾವು ಹೆಚ್ಚಾದರೆ ಸ್ನಾಯುವಿನ ಪ್ರೋಟೀನುಗಳು ಬಿಗಿದು ನೀರನ್ನು ಹಿಂಡಿಹಾಕಿ, ಮೀನು ನಾರಿನಂತಾಗುತ್ತದೆ. ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸುವ ಹಳೆಯ ಪದ್ಧತಿಯ ಗುಣ ಇಲ್ಲಿದೆ: ಪೊಟ್ಟಣದೊಳಗೆ ತೇವವಿರುವವರೆಗೆ ಅಲ್ಲಿನ ಉಷ್ಣತೆ ಕುದಿಯುವ ನೀರಿನ ಉಷ್ಣತೆಯ ಆಸುಪಾಸಿನಲ್ಲೇ ಉಳಿಯುತ್ತದೆ.

ಆ ಮನೆಯಲ್ಲಿ ಈಗ ವಾರಕ್ಕೊಮ್ಮೆ ನಡೆಯುವ ಕ್ರಮ ಹೀಗಿದೆ. ನಾಲ್ವರಿಗೆ ಅರ್ಧ ಕಿಲೋಗ್ರಾಂ ಶುದ್ಧ ಮಾಡಿದ ಮೀನು. ಎಂಟು ಎಸಳು ಬೆಳ್ಳುಳ್ಳಿ, ಒಂದಂಗುಲ ಶುಂಠಿ, ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಕಾಲು ಚಮಚ ಅರಿಸಿನ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಇವನ್ನು ಉಪ್ಪಿಲ್ಲದೆ ಅರೆದು, ಒಂದು ನಿಂಬೆಹಣ್ಣಿನ ರಸ, ಎರಡು ಚಮಚ ಎಣ್ಣೆಯೊಡನೆ ಕಲಸಿ ಮೀನಿಗೆ ಸವರಬೇಕು. ಹತ್ತು ನಿಮಿಷ ಸಾಕು; ಹೆಚ್ಚು ಹೊತ್ತು ಬಿಟ್ಟರೆ ಆಮ್ಲವೇ ಮೀನಿನ ಹೊರಮೈಯನ್ನು ಬೇಯಿಸಿದಂತೆ ಬೆಳ್ಳಗೆ ಮಾಡಿಬಿಡುತ್ತದೆ. ಬಾಳೆಯೆಲೆಯನ್ನು ಉರಿಯ ಮೇಲೆ ಬಾಡಿಸಿ, ಮೀನನ್ನು ಅದರಲ್ಲಿ ಸುತ್ತಬೇಕು. ವಿದ್ಯುತ್ತಿನ ಓವನ್ ಇರುವವರು ಮೊದಲೇ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಸುಮಾರು 15 ನಿಮಿಷ ಇಡಬಹುದು. ಇಲ್ಲದವರು ದೋಸೆಯ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿಟ್ಟು, ಮುಚ್ಚಳ ಮುಚ್ಚಿ, ಒಂದೊಂದು ಮಗ್ಗುಲನ್ನು ಏಳೆಂಟು ನಿಮಿಷ ಬೇಯಿಸಬಹುದು. ದಪ್ಪನೆಯ ಭಾಗದ ಮಾಂಸ ಪಾರದರ್ಶಕತೆಯನ್ನು ಕಳೆದುಕೊಂಡು, ಚಮಚದ ತುದಿಗೆ ಎಸಳಾಗಿ ಬಿಟ್ಟರೆ ಬೆಂದಿತೆಂದು ಅರ್ಥ.

ಉಪ್ಪೆಲ್ಲಿ? ಅದು ಕೊನೆಗೆ. ಪೊಟ್ಟಣ ಬಿಚ್ಚಿದ ಮೇಲೆ ಕಾಲು ಚಮಚ ಪುಡಿಯುಪ್ಪನ್ನು ಮೇಲ್ಮೈಯಲ್ಲಿ ಸಮನಾಗಿ ಉದುರಿಸಬೇಕು. ಒಳಗೆ ಇಂಗಿದ ಉಪ್ಪಿನ ಬಹುಭಾಗ ನಾಲಗೆಗೆ ತಿಳಿಯದೆಯೇ ಹೊಟ್ಟೆ ಸೇರುತ್ತದೆ. ಮೇಲಿರುವ ಉಪ್ಪು ನೇರವಾಗಿ ನಾಲಗೆಯನ್ನು ಮುಟ್ಟುತ್ತದೆ. ನಮ್ಮ ಹಿರಿಯರು ಎಲೆಯ ಕೊನೆಯಲ್ಲಿ ಉಪ್ಪು ಬಡಿಸುತ್ತಿದ್ದ ಪದ್ಧತಿಗೆ ಈ ದೃಷ್ಟಿಯಿಂದ ಹೊಸ ಬೆಲೆ ಬರುತ್ತದೆ. ಪಾತ್ರೆಯಲ್ಲಿ ಕಡಿಮೆ ಹಾಕಿ, ಬೇಕೇಬೇಕೆಂಬವರು ಎಲೆಯಲ್ಲಿ ಚಿಟಿಕೆ ಹಾಕಿಕೊಳ್ಳಲಿ. ಆದರೆ ರೋಗಿಗೆ ಈ ಚಿಟಿಕೆಯೂ ಲೆಕ್ಕಕ್ಕೆ ಸೇರಿದುದು.

ಕಾಲು ಚಮಚವೆಂದರೆ ಎಷ್ಟು? ಒಂದು ಗ್ರಾಮಿನವರೆಗೆ ಮಾತ್ರ ತೋರಿಸುವ ತಕ್ಕಡಿಯಲ್ಲಿ ಅದನ್ನು ನಂಬಿಕೆಯಿಂದ ತೂಗಲಾಗದು. ಆ ವಿದ್ಯಾರ್ಥಿನಿ ಹತ್ತು ಕಾಲು ಚಮಚಗಳನ್ನು ಮಟ್ಟಸವಾಗಿ ಅಳೆದು ಒಟ್ಟಿಗೆ ತೂಗಿ, ಬಂದ 15 ಗ್ರಾಮನ್ನು ಹತ್ತರಿಂದ ಭಾಗಿಸಿದಳು: ಒಂದೂವರೆ ಗ್ರಾಂ. ಅದರಲ್ಲಿ ಸೋಡಿಯಂ ಸುಮಾರು 590 ಮಿಲಿಗ್ರಾಂ. ನಾಲ್ವರಿಗೆ ಹಂಚಿದರೆ ಒಬ್ಬರಿಗೆ 150ಕ್ಕೂ ಕಡಿಮೆ. ಮೀನಿನಲ್ಲೇ ಇರುವುದು ಹೆಚ್ಚೆಂದರೆ 125. ಜೊತೆಗೆ ಉಪ್ಪಿಲ್ಲದೆ ಬಸಿದ ಅನ್ನ, ಕಾಲು ಚಮಚ ಉಪ್ಪಿನ ಹುರುಳಿಕಾಯಿ ಪಲ್ಯ, ನಿಂಬೆ ಹಿಂಡಿದ ಸೌತೆಕಾಯಿ. ಇಡೀ ಊಟದಲ್ಲಿ ಒಬ್ಬರಿಗೆ ಸುಮಾರು 400 ಮಿಲಿಗ್ರಾಂ. ದಿನದ ಮಿತಿಯ ಐದನೆಯ ಒಂದು ಪಾಲು. ಮೊದಲು ಅದೇ ಮನೆಯಲ್ಲಿ ಸಾರಿಗೆ ಒಂದು ಚಮಚ, ಪಲ್ಯಕ್ಕೆ ಒಂದು ಚಮಚ ಬೀಳುತ್ತಿದ್ದಾಗ ಒಂದೇ ಊಟದ ಉಪ್ಪಿನಿಂದ ಒಬ್ಬರಿಗೆ 1,180 ಮಿಲಿಗ್ರಾಂ ಸೋಡಿಯಂ ಬರುತ್ತಿತ್ತು. ಉಪ್ಪಿನಕಾಯಿ, ಹಪ್ಪಳಗಳ ಪಾಲು ಬೇರೆ.

ಬಚ್ಚಿಟ್ಟುಕೊಂಡ ಉಪ್ಪಿನ ಬಗ್ಗೆಯೂ ಎಚ್ಚರ ಬೇಕು. ವರ್ಷಕ್ಕೆಂದು ಇಡುವ ಹುಣಸೆಹಣ್ಣಿಗೆ ಉಪ್ಪು ಬೆರೆಸುವ ರೂಢಿ ಅನೇಕ ಮನೆಗಳಲ್ಲುಂಟು. ಪುನರ್ಪುಳಿಯ ಸಿಪ್ಪೆಯನ್ನೂ ಕೆಲವೊಮ್ಮೆ ಉಪ್ಪು ಹಾಕಿ ಒಣಗಿಸುತ್ತಾರೆ. ಅಡುಗೆಯ ಸೋಡಾ ನಾಲಗೆಗೆ ಉಪ್ಪೆನಿಸದಿದ್ದರೂ ಅದರ ತೂಕದಲ್ಲಿ ಶೇಕಡ 27 ಸೋಡಿಯಂ. ಅಂಗಡಿಯ ಮೀನು ಮಸಾಲೆಯ ಪುಡಿಗಳಲ್ಲಿ ಉಪ್ಪು ಸೇರಿರುವುದುಂಟು. ಹೆಪ್ಪುಗಟ್ಟಿಸಿ ಮಾರುವ ಮೀನಿನ ತುಂಡುಗಳನ್ನು ಕೆಲವೊಮ್ಮೆ ಉಪ್ಪುನೀರಿನಲ್ಲೋ ಸೋಡಿಯಂ ಫಾಸ್ಫೇಟುಗಳ ದ್ರಾವಣದಲ್ಲೋ ಅದ್ದಿರುತ್ತಾರೆ. ಪೊಟ್ಟಣದ ಹಿಂದೆ ಸೋಡಿಯಂ ಎಷ್ಟೆಂದು ಸಣ್ಣಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅದನ್ನು ಓದುವ ಕಣ್ಣು ಮನೆಯಲ್ಲಿ ಹೆಚ್ಚಾಗಿ ಇರುವುದು ವಿದ್ಯಾರ್ಥಿಗಳಿಗೆ.

ನಮ್ಮ ಮಾತಿಗೆ ಆಕ್ಷೇಪಗಳು ಬರಬಹುದು. ಉಪ್ಪು ದೇಹಕ್ಕೆ ಬೇಡವೇ? ಖಂಡಿತ ಬೇಕು. ನರಗಳ ಕೆಲಸ, ಸ್ನಾಯುಗಳ ಕೆಲಸ ಸೋಡಿಯಂ ಇಲ್ಲದೆ ನಡೆಯದು. ವಾಂತಿಭೇದಿಯಾದವರ ಪ್ರಾಣವನ್ನು ಉಪ್ಪು ಸಕ್ಕರೆಗಳ ದ್ರಾವಣವೇ ಉಳಿಸುತ್ತದೆ. ನಾವು ಆಡುತ್ತಿರುವುದು ಮಿತಿಯ ಮಾತು. ಪೊಟಾಸಿಯಂ ಬೆರೆಸಿದ ಉಪ್ಪನ್ನು ಬಳಸಬಾರದೇಕೆ ಎನ್ನುವವರೂ ಇದ್ದಾರೆ. ಚೀನದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಪಾರ್ಶ್ವವಾಯು ಕಡಿಮೆಯಾದುದು ಕಂಡುಬಂದಿದೆ. ಆದರೆ ಮೂತ್ರಪಿಂಡದ ರೋಗವುಳ್ಳವರಿಗೆ, ರಕ್ತದ ಒತ್ತಡದ ಕೆಲವು ಮಾತ್ರೆಗಳನ್ನು ನುಂಗುತ್ತಿರುವವರಿಗೆ, ರಕ್ತದಲ್ಲಿ ಪೊಟಾಸಿಯಂ ಏರಿ ಹೃದಯಕ್ಕೇ ಅಪಾಯವಾಗಬಹುದು. ವೈದ್ಯರನ್ನು ಕೇಳದೆ ಅದಕ್ಕೆ ಕೈಹಾಕುವುದು ಸಲ್ಲದು. ಉಪ್ಪು ತಗ್ಗಿದರೆ ಅಯೊಡಿನ್ ತಗ್ಗದೆ ಎಂಬ ಪ್ರಶ್ನೆಯೂ ಸಾಧುವಾದುದೆ. ಬಳಸುವ ಅಲ್ಪ ಉಪ್ಪು ಅಯೊಡಿನ್ ಬೆರೆಸಿದ್ದೇ ಆಗಿರಲಿ. ಕಡಲ ಮೀನಿನಿಂದಲೂ ಅಯೊಡಿನ್ ದೊರೆಯುತ್ತದೆ.

ಇನ್ನು ಮೀನು ತಿನ್ನದ ಮನೆಗಳ ಮಾತು. ನಮ್ಮ ವಸಂತಪುರದಲ್ಲಿ ಅಂಥವು ಬಹಳ. ಅಲ್ಲಿ ಮೀನಿನ ಬದಲು ಬದನೆಕಾಯಿಯೋ ಹೀರೆಕಾಯಿಯೋ ಇರಬಹುದು. ಹುಳಿಯನ್ನು ಮುಂದಿಟ್ಟು, ಉಪ್ಪನ್ನು ಹಿಂದಿಟ್ಟು, ಚಮಚವನ್ನು ತೂಗಿ ಅರಿಯುವ ಕ್ರಮ ಎಲ್ಲ ಮನೆಗಳಿಗೂ ಒಂದೇ.

ಆ ಮನೆಯ ಎರಡನೆಯ ಪೊಟ್ಟಣ 46 ದಿನ ಬಂದಿತು. ಒಬ್ಬರಿಗೆ ದಿನಕ್ಕೆ 5.4 ಗ್ರಾಂ, ಮಿತಿಯನ್ನು ಇನ್ನೂ ಮುಟ್ಟಿಲ್ಲ, ಆದರೆ ದೂರವೂ ಇಲ್ಲ. ಹಿರಿಯರ ರಕ್ತದ ಒತ್ತಡ ಈಗ ಹತೋಟಿಯಲ್ಲಿದೆ. ಅದರಲ್ಲಿ ಮಾತ್ರೆಯ ಪಾಲೆಷ್ಟು, ಊಟದ ಪಾಲೆಷ್ಟು ಎಂದು ನಾವು ಹೇಳಲಾರೆವು. ಒಂದು ಮನೆಯ ಅನುಭವದಿಂದ ಅದನ್ನು ಹೇಳುವುದು ವಿಜ್ಞಾನವೂ ಅಲ್ಲ. ಮಾತ್ರೆಯನ್ನು ಅವರು ಬಿಟ್ಟಿಲ್ಲ, ಬಿಡಲೂ ಬಾರದು. ಆದರೆ ಒಂದು ಸಂಗತಿಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಳೆದ ಭಾನುವಾರ ಆ ಮನೆಗೆ ಊಟಕ್ಕೆ ಹೋದಾಗ ನಾಲ್ವರ ಎಲೆಗೂ ನಮ್ಮ ಎಲೆಗೂ ಒಂದೇ ಪೊಟ್ಟಣದ ಮೀನು ಬಿದ್ದಿತು. ನಮಗೆ ಉಪ್ಪು ಕಡಿಮೆಯೆನಿಸಿ ಅತ್ತಿತ್ತ ನೋಡಿದೆವು. ಹಿರಿಯರು ನಕ್ಕು, "ಮೂರು ತಿಂಗಳು ನಮ್ಮಲ್ಲೇ ಊಟ ಮಾಡಿ, ಸರಿಹೋಗುತ್ತದೆ" ಎಂದರು.